ಎದೆಯ ಮೇಲಿನ ಚಂದ್ರ

ಮಳೆಯಲ್ಲಿ ನೆನೆದ ಕಂಬಳಿಯ ವಾಸನೆ ಪ್ರಫುಲ್ಲಾಗೆ ಬಾಲ್ಯದಿಂದಲೂ ಗೊತ್ತು. ಪುಣೆ ಸ್ಟೇಷನ್ನಿನ ಬೆಂಚಿನ ಮೇಲೆ ಅದೇ ವಾಸನೆ ಬಂದಾಗ ಅವಳು ಹೊರಳಿ ನೋಡಿದಳು. ದಂಡಿನ ಕ್ಯಾಂಪಿನ ಸಾಹೇಬರೊಬ್ಬರ ಜೊತೆ ಶಿಕಾರಿಗೆಂದು ಹಿಮಾಲಯಕ್ಕೆ ಹೊರಟ ಅವಳ ಊರಿನ ಮುರುಗೆಪ್ಪ, ಕಂಬಳಿ ಹೊದ್ದು ಕೂತಿದ್ದ. ಪಕ್ಕದಲ್ಲಿ ಹೆಂಡತಿ ನಾಗವ್ವ ಅವನನ್ನು ಕೇಳುತ್ತಿದ್ದಳು.

“ಎಲ್ಲಾ ಕರಡಿ ಗೊತ್ತಂತ ಸಾಹೇಬಗ ಹೇಳೀರಂತಲ್ರಿ?”

“ಹೂಂ. ಗೋಕಾಕದಾಗ ನೋಡೇನಲ್ಲ.”

“ಅಲ್ಲಿದು ಬ್ಯಾರೆ ಜಾತಿಯಂತ.”

“ಕೇಳಿ ತಿಳಕೊಂಡೇನಿ. ನಮ್ಮದಕ್ಕ ಜೋಲು ಕೂದಲ, ಬಿಳಿ ಉಗುರು. ಅಲ್ಲಿದಕ್ಕ ಗಿಡ್ಡ ಕೂದಲ, ಕರಿ ಉಗುರು, ಎದಿ ಮ್ಯಾಲೆ ಚಂದ್ರ.”

“ನಮ್ಮದಕ್ಕೂ ಎದಿ ಮ್ಯಾಲೆ ಗುರುತದಲ್ರಿ.”

“ಅದು ಟೊಂಗಿ ಕವಲಿನಂಗ. ಇದು ಬಿದಿಗಿ ಚಂದ್ರ. ನೆಟ್ಟಗ ನೋಡಬೇಕು.”

“ಎದಿ ಕಾಣಬೇಕಂದ್ರ ಅದು ಎದ್ದು ನಿಂದರಬೇಕು.”

“ನಿಂದರತದ.”

“ಆವಾಗ ನೀವು ಎಲ್ಲಿರತೀರಿ?”

ಮುರುಗೆಪ್ಪ ಯೋಚಿಸಿದ. “ಸಾಹೇಬನ ಮುಂದ. ಯಾವ ಕರಡಿ ಅಂತ ನಾನ ಹೇಳಬೇಕಲ್ಲ.”

“ನೀವು ಹೇಳೂತನಕ ಅದು ಕಾಯತದೇನ್ರಿ?”

ಅಷ್ಟರಲ್ಲಿ ಗಾಡಿ ಬಂತು.

“ಬುತ್ತಿ ಕಟ್ಟಿದ್ರ ಹೋಗ್ರಿ ಅಂದಂಗ ಆಗತದಂತ ಒಲಿ ಸೈತ ಹಚ್ಚಲಿಲ್ಲ ನೀ,” ಎನ್ನುತ್ತ ಅವನು ಎದ್ದ. “ಇರಲಿ. ಬರತೀನಿ.”

ನಾಗವ್ವ ಮುಖ ಆಚೆ ತಿರುಗಿಸಿಕೊಂಡೇ ಅವನಿಗೆ ತಿಳಿಯದಂತೆ ಸುಟ್ಟು ತಂದಿದ್ದ ರೊಟ್ಟಿಯ ಗಂಟನ್ನು ಸೆರಗಿನ ಮರೆಯಿಂದ ತೆಗೆದು ಅವನ ಕೈಗಿಟ್ಟಳು. ಅದಿನ್ನೂ ಬಿಸಿಯಾಗಿತ್ತು.