ಮೇಲಿನಿಂದ ಕೆಳಕ್ಕೆ ಭಾವನ ಪಾಲು

...ಅಲ್ಲ, ಅಲ್ಲ, 'ಗರ'ವೇ ಸರಿ. ಬರೀರಿ. "ತಲೆ ಕಳೆದುಕೊಂಡ ಸಾಗರದಲ್ಲಿ ವಿಷ, ಎರಡಕ್ಷರ." ಸಾಗರದ ಮೊದಲಿನ ಅಕ್ಷರ ತೆಗೆದರೆ ಎಂತ ಉಳೀತು? ಗರ. ಗರ ಅಂದ್ರೆ ವಿಷವೇ ಅಲ್ವಾ? ಸಮುದ್ರ ಕಡೆದಾಗ ಮೊದಲು ಬಂದದ್ದೂ ಅದೇ. ನಮ್ಮ ಗೋಕರ್ಣದ ಸ್ವಾಮಿ ಅದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ, ಗಂಟಲಲ್ಲೇ ಇಟ್ಟುಕೊಂಡ. ಅವನಿಗಾದರೆ ಗಂಟಲು ಹಿಡಿಯೋಕೆ ಪಾರ್ವತಿ ಇದ್ದಳು... ಇರಲಿ. ಕಾಲು ಈಚೆ ಚಾಚಿ, ಬಾವು ಇನ್ನೂ ಇಳಿದಿಲ್ಲ, ತಿಕ್ತೇನೆ.

ಹಾಗೆ ನೋಡಬೇಡಿ. ಬಿಡಿಸಿದ್ದು ನಾನಲ್ಲ, ನಿಮ್ಮಣ್ಣ. ಇವತ್ತೂ ಬೆಳಿಗ್ಗೆ ಹೊನ್ನಾವರದಿಂದ ಫೋನ್ ಬಂದಿತ್ತು, ನೀವು ನಿದ್ದೆಯಲ್ಲಿದ್ರಿ. ವೆಂಕಟ ಭಾವ ತಮ್ಮ ಪಾಲಿನದ್ದಷ್ಟೂ ಹೇಳಿ ಇಟ್ಟರು. ಇಪ್ಪತ್ತೆರಡು ವರ್ಷದಿಂದ ಇದೇ ಅಲ್ವಾ! ಒಂದೇ ಪತ್ರಿಕೆ, ಒಂದೇ ಪದಬಂಧ. ಎಡದಿಂದ ಬಲಕ್ಕೆ ತಮ್ಮನ ಪಾಲು, ಮೇಲಿನಿಂದ ಕೆಳಕ್ಕೆ ಅಣ್ಣನ ಪಾಲು. ಗದ್ದೆ ಪಾಲಾಗುವಾಗ ಒಂದು ಮಾತು ಆಡದವರು ಇದಕ್ಕೆ ಎಷ್ಟು ಕೂಗಾಡಿದ್ರಿ! "ಅಣ್ಣಾ, ನನ್ನ ಮನೆಗೆ ಕೈ ಹಾಕಬೇಡ" ಅಂತ ಕುಮಟೆ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಕೋಣೆಯಿಂದ ನೀವು ಫೋನಲ್ಲಿ ಕೂಗಿದ್ದು ಕೇಳಿ, ಡ್ರೈವರುಗಳೆಲ್ಲ ಆಸ್ತಿ ಜಗಳ ಅಂದ್ಕೊಂಡಿದ್ರಂತೆ...

ನಗಬೇಡಿ, ಹೊಲಿಗೆ ಎಳೀತದೆ. ಮಾತೂ ಬೇಡ. ಎದೆ ಕೊಯ್ದು ಇನ್ನೂ ಹದಿನಾಲ್ಕು ದಿನ. ಡಾಕ್ಟರ್ ಎಂತ ಹೇಳಿ ಕಳಿಸಿದ್ರು? ಮಾತು ಕಡಿಮೆ ಮಾಡಬೇಕು, ಮನಸ್ಸಿಗೆ ಯಾವ ಪೆಟ್ಟೂ ತಾಗಬಾರದು. "ಇನ್ನು ಎಲ್ಲ ನಿಮ್ಮ ಕೈಯಲ್ಲಮ್ಮಾ" ಅಂದ್ರು ನಂಗೆ. ನನ್ನ ಕೈಯಲ್ಲಂತೆ! ನನ್ನ ಕೈಯಲ್ಲಿ ಎಂತ ಇದೆ, ಈ ಮಾತ್ರೆ ಡಬ್ಬಿ ಒಂದು ಬಿಟ್ಟು? ಉಳಿದದ್ದೆಲ್ಲ ಆ ಸ್ವಾಮಿಯದ್ದೇ.

ಆತು, ಮುಂದಿನದು. ಇದೂ ಮೇಲಿನಿಂದ ಕೆಳಕ್ಕೆ. "ಉಬ್ಬರದಲ್ಲಿ ನದಿ, ಸೂರ್ಯನಿರುವಷ್ಟು ಹೊತ್ತು. ಎರಡಕ್ಷರ." ಇದು ಚಂದ ಇದೆ, ಕೇಳಿ. ಉಬ್ಬರ ಬಂದರೆ ನಮ್ಮ ಅಘನಾಶಿನಿ ಎಂತ ಮಾಡ್ತಾಳೆ? ಹಿಂದಕ್ಕೆ ಹರೀತಾಳೆ! ಸಣ್ಣವರಿದ್ದಾಗ ಹೊಳೆಯ ಮರಳಲ್ಲಿ ಕೂತು ಬಳಚು ಚಿಪ್ಪು ಹೆಕ್ಕುವಾಗ, ಕಡಲಿಗೆ ಹೋಗಬೇಕಾದ ತೆಂಗಿನ ಸಿಪ್ಪೆ ಊರ ಕಡೆಗೇ ತೇಲಿ ಬರ್ತಿತ್ತು. "ಹೊಳೆ ತಿರುಗ್ತು, ಬುಟ್ಟಿ ಎತ್ತಿ!" ಅಂತ ಅವ್ವ ಕೂಗ್ತಿದ್ದಳು. ಹಾಗೇ ಈ ನದಿಯನ್ನೂ ತಿರುಗಿಸಿ ಓದಿ. ದಿನ! ಬರೆದ್ರಾ?

...ಎಂತ ಆತು? ಪೆನ್ನು ಯಾಕೆ ನಿಂತಿತು?

ಹೌದು... ಬಳಚು ಹೆಕ್ಕಿದ್ದು ನಾನು, ಭಾವ ಅಲ್ಲ. ಅವರು ಉತ್ತರ ಮಾತ್ರ ಹೇಳಿದ್ರು, ಬಿಡಿಸಿ ಹೇಳಿದ್ದು ನಾನು. ಇಷ್ಟು ವರ್ಷ ನಿಮಗೆ ಚಾ ಕೊಡ್ತಾ ಕೇಳಿದವಳಿಗೆ ಅಷ್ಟೂ ಬರೂದಿಲ್ವಾ?

ಫೋನ್ ಕಡೆ ಯಾಕೆ ನೋಡ್ತೀರಿ? ಈಗ ಬೇಡ. ಭಾವನಿಗೆ ಗಂಟಲು ಕಟ್ಟಿದೆ, ಮಾತಾಡೋಕೆ ಆಗೂದಿಲ್ಲ... ಬೆಳಿಗ್ಗೆ? ಬೆಳಿಗ್ಗೆ... ದಿನೇಶ ಮಾತಾಡಿದ. ಅಪ್ಪ ಹೇಳಿದ್ದನ್ನ ಮಗ ಹೇಳಿದ. ದೇವರೇ, ನನ್ನ ನಾಲಿಗೆಗೆ ಇದೆಲ್ಲ ರೂಢಿ ಇಲ್ಲ.

ಈಗ ಅಲ್ಲಿ ಎಂತ? ದೇವರ ಗೂಡು. ಹೌದು, ಹೂ ಒಣಗಿದೆ. ದೀಪ... ಎಣ್ಣೆ ಮುಗಿದಿತ್ತು. ತುಂಬಿದ ಬಾಟಲಿ ಅಲ್ಲೇ ಕಾಣ್ತದೆ ಅಂತೀರಾ? ನಂಗೆ ಸೊಂಟ ನೋವು, ಬಗ್ಗೋಕೆ ಆಗೂದಿಲ್ಲ... ನಿಮ್ಮ ಕಾಲು ತಿಕ್ಕೋಕೆ ಬಗ್ಗಿದ್ದೇನೆ, ಗೊತ್ತು, ಗೊತ್ತು.

ಬಿರುಗಾಳಿಗೆ ಹಂಚು ಹಾರಿಹೋದ ವರ್ಷವೂ ಸೆರಗು ಮರೆ ಹಿಡಿದು ಹಚ್ಚಿದ ದೀಪ ಅದು. ಮೊನ್ನೆ ಪಕ್ಕದ ಮನೆ ರಂಜಿತಾ ನಿಮ್ಮ ಹೆಸರಲ್ಲಿ ಗೋಕರ್ಣದಲ್ಲಿ ಪೂಜೆ ಮಾಡಿಸಿ ಪ್ರಸಾದ ತಂದಳು. ನಾನು ಕೈ ಒಡ್ಡಲಿಲ್ಲ. ಹೊರಗೇ ಮಾತಾಡಿಸಿ ಕಳಿಸಿದೆ, ಪಾಪದ ಹುಡುಗಿ. ಅದನ್ನೂ ನೋಡಿದ್ರಾ? ನಿದ್ದೆ ಅಂದ್ಕೊಂಡಿದ್ದೆ.

ಬೆರಳು ಮಡಚಬೇಡಿ. ದಮ್ಮಯ್ಯ, ಎಣಿಸಬೇಡಿ...

ಎಂಟು. ಹೌದು. ಇವತ್ತಿಗೆ ಎಂಟು ದಿನ.

ಚಾ ಲೋಟ ಕೆಳಗಿಟ್ಟ ಭಾವ ಹಾಗೇ ಗೋಡೆಗೆ ಒರಗಿದ್ರಂತೆ. ನೋವಿಲ್ಲ, ನರಳಿದ್ದಿಲ್ಲ. ಪುಣ್ಯದ ಸಾವು ಅಂದರು ಎಲ್ಲರೂ... ನಿಮಗೆ ಅಣ್ಣನ ಮುಖ ನೋಡೋಕೆ ನಾನು ಬಿಡಲಿಲ್ಲ. ಬಾಯಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಿದೆ, ದಿನಾ ಬೆಳಿಗ್ಗೆ ಒಲೆ ಮುಂದೆ ಕೂತು ಅವರ ಪಾಲಿನದ್ದೂ ನಾನೇ ಬಿಡಿಸಿದೆ, ಆದರೆ ಸೂತಕದಲ್ಲಿ ದೀಪ ಹಚ್ಚೋಕೆ ಮಾತ್ರ ಕೈ ಬರಲಿಲ್ಲ. ಮನುಷ್ಯರಿಗೆ ಹೇಳಿದ ಸುಳ್ಳು ದೇವರ ಮುಂದೆ ಹೇಗೆ ಹೇಳಲಿ? ಹತ್ತನೇ ದಿನ ಅಣ್ಣನಿಗೆ ನೀವು ನೀರು ಬಿಡಬೇಕಲ್ಲ, ಅಷ್ಟರೊಳಗೆ ಹೇಳಲೇಬೇಕು, ನಾಳೆ ಹೇಳ್ತೇನೆ, ನಾಳೆ ಹೇಳ್ತೇನೆ ಅಂತ...

ಬೈಯಿರಿ. ಏನಾದರೂ ಅನ್ನಿ. ಎದೆ ನೋಯ್ತದಾ? ಇಲ್ವಾ? ಉಸಿರು ಎಳ್ಕೊಳ್ಳಿ, ನಿಧಾನ...

ದಿಂಬಿನ ಕೆಳಗೆ ಎಂತ? ಪತ್ರಿಕೆ. ಎಲ್ಲಾ ಇಲ್ಲೇ ಇಟ್ಕೊಂಡಿದ್ದೀರಾ, ನಿನ್ನೆಯದ್ದು, ಮೊನ್ನೆಯದ್ದು... ತಡೀರಿ, ಕಣ್ಣು ಒರೆಸ್ಕೊಳ್ತೇನೆ. ಎಡದಿಂದ ಬಲಕ್ಕೆ ಎಲ್ಲ ತುಂಬಿದೆ. ಮೇಲಿನಿಂದ ಕೆಳಕ್ಕೆ... ನಾನು ಹೇಳಿದ್ದು ಒಂದೂ ಬರೆದಿಲ್ಲ! ಇದರಲ್ಲೂ ಇಲ್ಲ. ಇದರಲ್ಲೂ. ಭಾವನ ಮನೆಗಳೆಲ್ಲ ಖಾಲಿ... ದೀಪ ಹಚ್ಚದ ಮೊದಲ ದಿನದಿಂದಲೇ.

ಅಯ್ಯೋ... ಎಂಟು ದಿನ, ನನ್ನ ಮನಸ್ಸಿಗೆ ಪೆಟ್ಟು ತಾಗಬಾರದು ಅಂತ, ಗೊತ್ತಿದ್ದೂ ನೀವು ಸುಮ್ಮನಿದ್ರಾ?