ಇನ್ನೊಂದು ಪಾರ್ಟಿ

ಥೂ! ಆ ಗೂಡಿನಂಥ ಮನೆಗೆ ಅಷ್ಟು ರೇಟಾ? ಇನ್ನೊಂದ್ಸಲ ಹೇಳು... ಬೇಡ, ಹೇಳ್ಬೇಡ. ತಿಂದಿದ್ದೆಲ್ಲ ವಾಪಸ್ ಬರುತ್ತೆ.

ಯಾಕೆ ನಗ್ತೀಯ? ನಿನ್ನಣ್ಣನಿಗೆ ಹೇಸಿಗೆ ಆಗ್ಬಾರದಾ? ಈ ಊರಿನ ಮನೆ ವ್ಯಾಪಾರ ಕಂಡ್ರೆ ನಂಗೆ ಮೈಯೆಲ್ಲ ಉರಿಯುತ್ತೆ ಕಣೇ. ಆ ಹೊಸ ಕಟ್ಟಡಗಳನ್ನ ನೋಡು, ಸಂಜೆಯಾದ್ರೆ ಹತ್ತಕ್ಕೊಂದು ಕಿಟಕೀಲೂ ದೀಪ ಇರಲ್ಲ. ಕೊಂಡೋರು ಅಲ್ಲಿರಲ್ಲ, ಇರಬೇಕಾದೋರಿಗೆ ಕೊಳ್ಳೋಕಾಗಲ್ಲ. ಅಷ್ಟು ಖಾಲಿ ಬಿದ್ದಿದ್ರೆ ರೇಟ್ ಇಳೀಬೇಕು ತಾನೇ? ಇಳಿಯುತ್ತಾ? ಹೋದ ವರ್ಷ ಯಾರೂ ಮೂಸಿ ನೋಡದ ಮನೆ ಈ ವರ್ಷ ಒಂದೂವರೆ ಪಟ್ಟು! ಗೋಡೆಗೆ ಸುಣ್ಣ ಕೂಡ ಬಳಿದಿಲ್ಲ ನನ್ಮಕ್ಳು... ಆಯ್ತು, ಆಯ್ತು, ಬೈಯಲ್ಲ. ನಿನ್ನ ಮಗಳು ಒಳಗೆ ಮಲಗಿದಾಳೆ ಅಂತ ಮರೆತೇಬಿಟ್ಟೆ.

ಏನು? ನಿನ್ನ ಜೊತೆ ಪೈಪೋಟಿಗೆ ಬಿದ್ದಿರೋ ಆ ಇನ್ನೊಂದು ಪಾರ್ಟಿ ನಿಜವಾ ಅಂತ ನನ್ನನ್ನ ಕೇಳ್ತೀಯ? ಹೌದಮ್ಮಾ, ನಿನಗೆ ಮನೆ ತೋರಿಸಿದ ಆ ಬ್ರೋಕರ್ ಹತ್ರ ನಾನು ಹಿಂದೆ ಮಾಡ್ತಿದ್ದ ಕೆಲಸ ಅದೇ, ಸುಳ್ಳು ಪಾರ್ಟಿ ಆಗೋದು. ಗಿರಾಕಿ ಮನೆ ನೋಡ್ತಿರುವಾಗ ಬ್ರೋಕರ್‌ಗೆ ಫೋನ್ ಮಾಡೋದು. 'ಬೇರೆಯವರಿಗೆ ಕೊಡ್ಬೇಡಿ ಸ್ವಾಮಿ, ನಾನು ಇನ್ನೂ ಜಾಸ್ತಿ ಕೊಡ್ತೀನಿ' ಅಂತ ಗೋಗರೆಯೋದು. ಅವನು ಅದನ್ನ ಹೇಳಿದ್ದೇ ತಡ, ಗಿರಾಕಿ ಎದೆ ಧಸಕ್ ಅಂದು ಅಲ್ಲೇ ರೇಟ್ ಏರಿಸ್ಕೊಳ್ಳೋದು. ಥೂ, ಅದೂ ಒಂದು ಬಾಳಾ! ಬಿಟ್ಟೆ ಕಣೇ. ಅವನ ಜೊತೆ ಮಾತಾಡಿ ಎಷ್ಟು ಕಾಲ ಆಯ್ತೋ. ಎದುರಿಗೆ ಸಿಕ್ರೂ ಮುಖ ತಿರುಗಿಸ್ಕೊಂಡು ಹೋಗ್ತೀನಿ.

ಆದ್ರೆ ನಿನ್ನ ವಿಷಯದಲ್ಲಿ ಪಾರ್ಟಿ ಅಸಲಿ. ಹೆಂಗೆ ಗೊತ್ತು ಅಂದ್ರೆ... ಅನುಭವ! ಆ ಬೀದೀಲಿ ಮನೆ ಮಾರಾಟಕ್ಕೆ ಬಂದ್ರೆ ನಿಲ್ಲಲ್ಲ. ನಾಳೆ ಬೆಳಿಗ್ಗೆ ಹೋಗಿ ಅಡ್ವಾನ್ಸ್ ಕೊಟ್ಬಿಡು.

ಗೊತ್ತು. ಹೊಲಿಗೆ ಅಂಗಡಿ ಮಾರಿದ ದುಡ್ಡು ಪೂರ್ತಿ ಅದಕ್ಕೇ ಹೋಗುತ್ತೆ, ಆಮೇಲೆ ಹಿಂದೆ ಸರಿದ್ರೆ ಒಂದು ಕಾಸೂ ವಾಪಸ್ ಬರಲ್ಲ. ಭಾವ ಹೋದ ಮೇಲೆ ನಿಮ್ಮಿಬ್ಬರಿಗೆ ಅನ್ನ ಹಾಕಿದ್ದೇ ಆ ಅಂಗಡಿ. ನಂಗೇನು ಹೊಟ್ಟೆ ಉರಿಯಲ್ವಾ? ಆದ್ರೂ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಗಂಟುಮೂಟೆ ಹೊತ್ಕೊಂಡು ಇನ್ನೆಷ್ಟು ಅಲೀತೀಯ? ನೀನೇ ಅಂದ್ಯಲ್ಲ, ಒಂದು ಮೆಷಿನ್ ಉಳಿಸ್ಕೊಂಡು ಈ ಕಿಟಕಿ ಹತ್ರ ಹಾಕ್ಕೊಂಡ್ರೆ, ಹೊಲೀತಾ ಹೊಲೀತಾನೇ ಮಗಳು ಓದೋದನ್ನೂ ನೋಡ್ಕೋಬಹುದು ಅಂತ...

ಏನು? ಯಾಕೆ ಹಂಗೆ ನೋಡ್ತೀಯ?

ನೀನೇ ಹೇಳಿದೆ. ಈಗ ತಾನೇ... ಹೇಳಲಿಲ್ವಾ? ಹಾಗಾದ್ರೆ ನಿನ್ನೆ ಹೇಳಿರ್ತೀಯ. ಯಾರಿಗೂ ಹೇಳಿಲ್ಲ ಅಂದ್ರೆ ಹೆಂಗೆ? ಮನೆ ನೋಡುವಾಗ ನಿನಗೆ ನೀನೇ ಮೆಲ್ಲಗೆ ಹೇಳ್ಕೊಂಡಿದ್ದಾ... ಪಕ್ಕದಲ್ಲಿ ಬ್ರೋಕರ್ ಇದ್ದ ತಾನೇ? ಫೋನ್ ಕೈಯಲ್ಲಿ ಹಿಡ್ಕೊಂಡು... ಹಾಂ, ಅವನೇ ಹೇಳಿರ್ಬೇಕು ನಂಗೆ. ದಾರೀಲಿ ಸಿಕ್ಕಿದ್ದ. ಮಾತಾಡ್ಬಾರದು ಅಂದ್ಕೊಂಡೆ, ಆದ್ರೂ...

ಬೈಯೋದಾದ್ರೂ ಬೈ. ಹಿಂಗೆ ಬಾಗಿಲು ತೋರಿಸ್ಬೇಡ ನನಗೆ...

ನೋಡು, ಬೇರೆಯವನಾಗಿದ್ರೆ ಇನ್ನೂ ಏರಿಸಿರೋನು! ಫೋನಲ್ಲಿ ನಿನ್ನ ದನಿ ಅಂತ ಗೊತ್ತಾದ ಮೇಲೆ ನಾನು... ಎರಡೇ ಸಲ ಕಣೇ ಏರಿಸಿದ್ದು.