ಕೈ ನಡುಗುವ ಹುಡುಗಿ

ಸೋಹಾಗ್ ಪಟ್ಟಣದ ರೊಟ್ಟಿ ಅಂಗಡಿಯೆದುರು ನಜಾತ್ ಆಗಷ್ಟೇ ಕೊಂಡ ಬಿಸಿ ರೊಟ್ಟಿಗಳನ್ನು ಆರಲೆಂದು ಕಟ್ಟೆಯ ಮೇಲೆ ಹರವುತ್ತಿದ್ದಳು. ಪಕ್ಕದಲ್ಲಿ ರಬಾಬ್ ಎಂಬ ಹುಡುಗಿಯೂ ಅವಳ ಚಿಕ್ಕಮ್ಮನೂ ಅದನ್ನೇ ಮಾಡುತ್ತಿದ್ದರು.

"ಇವತ್ತೇ ನರ್ಸಿಂಗ್ ಶಾಲೆಗೆ ಸೇರ್ಕೋತೀನಿ, ಚಿಕ್ಕಮ್ಮ."

"ಕೋಳಿ ಕೊಯ್ಯೋವಾಗ ಮಂಚದಡಿ ನುಗ್ಗೋಳು ನೀನು!"

"ನಿಂಗೆ ದಿನಾ ಸಕ್ಕರೆ ಕಾಯಿಲೆ ಸೂಜಿ ಚುಚ್ಚೋದು ನಾನೇ ಅಲ್ವಾ?"

"ಅದು ಮನೆಯೊಳಗೆ ಕಣೇ. ಅಲ್ಲಿ ಪರಗಂಡಸರು, ರಾತ್ರಿ ಪಾಳಿ. ಆಮೇಲೆ ಯಾವನು ಕಟ್ಕೋತಾನೆ?"

"ನಂಗೆ ಆ ಭಯ ಇಲ್ಲ. ನನ್ನ ಕೈಯಲ್ಲಿ ಯಾರಾದ್ರೂ ಸತ್ರೆ ಅಂತ ಭಯ."

"ಹಾಗಿದ್ರೆ ಮನೇಲಿರು."

"ಇಲ್ಲ, ಹೋಗ್ತೀನಿ. ಕೈ ನಡುಗಿದ್ರೂ ನಿಂಗೆ ಒಂದಿನಾನೂ ನೋಯಿಸಿಲ್ಲ ತಾನೇ?"

ಚಿಕ್ಕಮ್ಮ ರೊಟ್ಟಿ ಬಾಚಿಕೊಂಡು, ತಟ್ಟೆಯನ್ನು ತಲೆಗೇರಿಸಿ ಹೊರಟೇಬಿಟ್ಟಳು. ಹಿಂದೆ ಓಡುತ್ತ ರಬಾಬ್ ಅಂದದ್ದು, ತಲೆಯೆತ್ತದೆ ನಿಂತಿದ್ದ ನಜಾತಳಿಗೆ ಕೇಳಿಸಿತು.

"ಒಬ್ಬಳೇ ಹೋದ್ರೆ ಅರ್ಧದಾರೀಲೇ ತಿರುಗಿ ಬಂದ್ಬಿಡ್ತೀನಿ. ಶಾಲೆ ಗೇಟಿನವರೆಗೆ ಬಾ, ಚಿಕ್ಕಮ್ಮ."